ಸೋಮವಾರದ ಮಾತ್ರೆ

ನಂಜನಗೂಡಿನಲ್ಲಿ ನಮ್ಮ ಯಜಮಾನರದ್ದು ವೆಲ್ಡಿಂಗ್ ಅಂಗಡಿ. ಗಿರಾಕಿ ಎಷ್ಟೇ ಅವಸರ ಮಾಡಲಿ, ತುಕ್ಕು ಉಜ್ಜದೆ ಗೇಟು ಬಿಟ್ಟುಕೊಟ್ಟವರಲ್ಲ. "ಮೊದ್ಲು ರೆಡ್ ಆಕ್ಸೈಡ್, ಆಮೇಲೆ ಬಣ್ಣ" ಎಂದು ತುಕ್ಕು ತಡೆಯುವ ಆ ಕೆಂಪು ಲೇಪ ಬಳಿದೇ ಮುಂದಿನ ಕೆಲಸ. ಆದರೆ ಅವರ ಮೈಗೆ ಆ ಜೋಪಾನವಿರಲಿಲ್ಲ. ಬಿಪಿ ಮಾತ್ರೆಯನ್ನು ದಿನವೂ ನಾನೇ ಕೈಗಿಡಬೇಕಿತ್ತು.

ಸೋಮವಾರ ಮಾತ್ರ ಅದೂ ಇಲ್ಲ. ಅವತ್ತು ಒಪ್ಪೊತ್ತು, ಸಂಜೆ ಪೂಜೆ ಮುಗಿಯುವತನಕ ಬರೀ ನೀರು. "ಇವತ್ತು ಮಾತ್ರೆನೂ ಮುಟ್ಟಂಗಿಲ್ಲ ಕಣೇ" ಎನ್ನುತ್ತಿದ್ದರು. "ನಿಮ್ ಬಿಪಿಗೂ ಒಪ್ಪೊತ್ತಾ?" ಎಂದು ನಗುತ್ತಾ ನಾನೇ ಡಬ್ಬಿ ಎತ್ತಿಡುತ್ತಿದ್ದೆ.

ಕಳೆದ ವರ್ಷ ಅಂಥದೇ ಒಂದು ಸೋಮವಾರ ಮಧ್ಯಾಹ್ನ ಅಂಗಡಿಯಲ್ಲೇ ಕುಸಿದರು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು.

ಮೂರನೆಯ ದಿನ ಡಾಕ್ಟರು ಬಿಡಿಸಿ ಹೇಳಿದರು. "ಸೋರಿದ ರಕ್ತ ಅಲ್ಲೇ ಒಡೆದು ಕಬ್ಬಿಣದಂಶ ಹೊರಗೆ ಬರುತ್ತೆ. ಅದು ಸುತ್ತಲಿನ ಜೀವಕೋಶಗಳನ್ನ ಹಾಳುಮಾಡುತ್ತೆ, ಒಂಥರಾ ತುಕ್ಕು ಹಿಡಿದ ಹಾಗೆ. ಅದನ್ನ ತಡೆಯೋ ಕಾವಲು, ಆಂಟಿಆಕ್ಸಿಡೆಂಟ್ ಅಂತೀವಿ, ಮೈಯೊಳಗೇ ಇದೆ. ಈಗ ಅದರ ಶಕ್ತಿ ಸಾಲ್ತಿಲ್ಲ."

ಊರಿನ ತುಕ್ಕನ್ನೆಲ್ಲ ಉಜ್ಜಿದವರ ತಲೆಯೊಳಗೇ ತುಕ್ಕೇ? ಕೆಳಗಿನ ಮೆಡಿಕಲ್ ಸ್ಟೋರಿಗೆ ಓಡಿ ಆಂಟಿಆಕ್ಸಿಡೆಂಟ್ ಮಾತ್ರೆಯ ಬಾಟಲಿ ತಂದು ಡಾಕ್ಟರ ಮುಂದೆ ಹಿಡಿದೆ.

"ಇದ್ರಿಂದ ಆ ತುಕ್ಕು ಓಯ್ತದಾ ಸಾ?"

ಅವರು ನಗಲಿಲ್ಲ. "ಇಂಥ ಮಾತ್ರೆಯಿಂದ ವಾಸಿಯಾಗುತ್ತೆ ಅಂತ ಇನ್ನೂ ಸಾಬೀತಾಗಿಲ್ಲಮ್ಮ. ಅವರಿಗೆ ನುಂಗೋಕೂ ಬರ್ತಿಲ್ಲ, ಬಾಯಿಗೆ ಏನೂ ಹಾಕಬೇಡಿ. ಬಿಪಿ ಏರದ ಹಾಗೆ ನೋಡ್ಕೋತಿದೀವಿ. ಅದಿರಲಿ, ಮನೇಲಿ ಬಿಪಿ ಮಾತ್ರೆ ದಿನಾ ತಗೋತಿದ್ರಾ?"

"ಸೋಮವಾರ ಇಲ್ಲ" ಎಂದೆ. ಡಬ್ಬಿ ಎತ್ತಿಡುತ್ತಿದ್ದವಳು ನಾನೇ ಎನ್ನಲು ನಾಲಿಗೆ ಏಳಲಿಲ್ಲ. ಅದೊಂದರಿಂದಲೇ ಹೀಗಾಯಿತು ಎನ್ನಲಾಗದು, ಆದರೆ ಇನ್ನು ಒಂದು ದಿನವೂ ತಪ್ಪಿಸಬಾರದು ಎಂದರು ಡಾಕ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಎರಡು ತಿಂಗಳಿಗೆ ಯಜಮಾನರು ಮನೆಗೆ ಬಂದರು. ನುಂಗಲು ಬರುತ್ತಿತ್ತು, ಕೋಲು ಹಿಡಿದು ನಡೆಯುತ್ತಿದ್ದರು. ಮಾತು ಮಾತ್ರ ಒಂದೊಂದೇ, ಅದೂ ತಡೆತಡೆದು.

ಮೊದಲ ಸೋಮವಾರ ಬಂತು. ಮಿಂದು, ವಿಭೂತಿಯ ಮುಂದೆ ಕೂತಿದ್ದರು. ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಹೋದೆ. ಬೇಡವೆಂದು ತಲೆಯಾಡಿಸಿದರೆ ಈ ಸಲ ಇವರನ್ನು ಕಳೆದುಕೊಂಡೇಬಿಡುತ್ತೇನೆ ಎಂಬ ಭಯ.

"ನಾನು ಡಬ್ಬಿ ಎತ್ತಿಡಬಾರ್ದಾಗಿತ್ತು, ತಪ್ಪಾಯ್ತು ಕಣ್ರೀ" ಎಂದೆ.

ನನ್ನನ್ನೇ ನೋಡಿದರು. ಎಡಗೈ ಚಾಚಿ ಮಾತ್ರೆ ತೆಗೆದುಕೊಂಡು ನುಂಗಿದರು. ಆಮೇಲೆ ವಿಭೂತಿಗೆ ಕೈ ಹಾಕುತ್ತಾ, ಕಷ್ಟಪಟ್ಟು ಹೇಳಿದರು:

"ಮೊದ್ಲು... ರೆಡ್ ಆಕ್ಸೈಡ್."