ಅಪ್ಪ ಶೇರವಾನಿ ತೊಟ್ಟು ಬಂದ ದಿನ

ಚಿಕ್ಕಂದಿನಲ್ಲಿ ನನಗೆ ಪ್ರಶ್ನೆ ಕೇಳುವ ರೋಗವಿತ್ತು. ಈಗಲೂ ಇದೆ, ಬೈಯುವವರು ಮಾತ್ರ ಉಳಿದಿಲ್ಲ. ಕಲಬುರಗಿಯ ನಮ್ಮ ಶಾಲೆಯಲ್ಲಿ ದಿನಾ ಬೆಳಗ್ಗೆ ಹೈದರಾಬಾದಿನ ದೊರೆಗೆ ಆಯುಷ್ಯ ಬೇಡಿಸುತ್ತಿದ್ದರು. ಸಂಜೆಯಾದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ದಿಲ್ಲಿಯ ಫೌಜು ಯಾವಾಗ ಬಂದೀತು ಎಂದು ದೊಡ್ಡವರು ಪಿಸುಗುಟ್ಟುತ್ತಿದ್ದರು. ಹಾಗಾದರೆ ನಾವು ಯಾವ ದೇಶದವರು? ಮಾಸ್ತರರನ್ನು ಕೇಳಿದೆ. ಕಿವಿ ಹಿಂಡಿ ಹೊರಗೆ ನಿಲ್ಲಿಸಿದರು. ಅಪ್ಪನನ್ನು ಕೇಳಿದೆ.

"ಏ ನಮ್ಮವ್ವಾ, ಗ್ವಾಡಿಗೂ ಕಿವಿ ಅದಾವ, ಸುಮ್ಕಿರು," ಅಂದ.

ಸಂಗತಿ ಇಷ್ಟೇ ಎಂದು ಆಮೇಲೆ ತಿಳಿಯಿತು. ಇಂಗ್ಲಿಷರು ಹೋದ ಮೇಲೆ ಯಾರ ಕೈಕೆಳಗೂ ಸೇರದೆ ಬೇರೆ ದೇಶವಾಗಿಯೇ ಇರುತ್ತೇನೆ ಎಂದು ನಮ್ಮ ದೊರೆಯ ಹಟ. ಸೇರಲೇಬೇಕು ಎಂದು ದಿಲ್ಲಿಯ ಹಟ. ನಮ್ಮ ನಾಣ್ಯ ಬೇರೆ, ಅಂಚೆ ಬೇರೆ, ರೈಲೂ ಬೇರೆ ಇದ್ದುದರಿಂದ ದೊರೆಯ ಮಾತಿನಲ್ಲೂ ಏನೋ ಇದೆ ಎಂದು ನನಗೆ ಅನಿಸುತ್ತಿತ್ತು. ಆದರೆ ಅವನ ಹೆಸರು ಹೇಳಿಕೊಂಡು ಖಾಕಿ ಅಂಗಿಯ ಟೋಳಿಗಳು ಹಳ್ಳಿಗಳಿಗೆ ನುಗ್ಗಿ ಮನೆ ಸುಡತೊಡಗಿದವು. ಜನ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದರು. ಅಪ್ಪ ಅವ್ವನನ್ನೂ ನನ್ನನ್ನೂ ಕಮಲಾಪುರಕ್ಕೆ, ಅವ್ವನ ತವರಿಗೆ ಕಳಿಸಿದ. ತಾನು ನೌಕರಿ ಬಿಟ್ಟು ಬರುವಂತಿರಲಿಲ್ಲ. ಕಚೇರಿಯಲ್ಲಿ ಉರ್ದು ಬರೆಯುವ ಮುನ್ಶಿ ಅವನು.

ಕಮಲಾಪುರದಲ್ಲಿ ಆಯಿ, ಅಂದರೆ ಅವ್ವನ ತಾಯಿ, ಒಬ್ಬಳೇ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದಳು. ಕಡು ನೇಮದ ಹೆಂಗಸು. ಕೊರಳಿನ ಲಿಂಗಕ್ಕೆ ಪೂಜೆಯಾಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ಲಿಂಗ ಮೈಮೇಲಿಂದ ಇಳಿದರೆ ಜೀವ ಹೋದಂತೆಯೇ ಎನ್ನುವವಳು. ಅಳಿಯನ ಜೊತೆ ನೇರ ಮಾತಾಡುತ್ತಲೂ ಇರಲಿಲ್ಲ. ಅಪ್ಪ ಎದುರಿಗೇ ಕೂತಿದ್ದರೂ ಸೆರಗು ಎಳೆದುಕೊಂಡು ನನ್ನ ಕಡೆ ತಿರುಗಿ, "ನಿಮ್ಮಪ್ಪಗ ಕೇಳು, ಇನ್ನೊಂದ ರೊಟ್ಟಿ ಬೇಕೇನು ಅಂತ," ಅನ್ನುವಳು. "ಅಪ್ಪ ಇಲ್ಲೇ ಅದಾನಲ್ಲ, ನೀನ ಕೇಳು," ಎಂದರೆ ತಲೆಗೆ ಮೊಟಕುತ್ತಿದ್ದಳು.

ಆಯಿಯ ಬಾಳೆಗೊನೆಗಳನ್ನು ಕಲಬುರಗಿಗೆ ಒಯ್ಯುತ್ತಿದ್ದವನು ಒಬ್ಬ ಮುಸಲ್ಮಾನ ಗಾಡಿಯವ. ನಮಗೆಲ್ಲ ಅವನು ಚಾಚಾ. ಧೋತರ ಉಟ್ಟು ಪಟಕಾ ಸುತ್ತಿದರೆ ನಮ್ಮ ಯಾವ ಒಕ್ಕಲಿಗನಿಗೂ ಅವನಿಗೂ ಫರಕೇ ಇರಲಿಲ್ಲ. ಕನ್ನಡವೂ ಹಾಗೆಯೇ. ಕಮಲಾಪುರದಾಚೆ ಒಂದು ಹರದಾರಿ ದೂರದ ಹಳ್ಳಿಯಲ್ಲಿ ಅವನಿಗೆ ಹರೆಯದ ಮಗನಿದ್ದ. ತಾಯಿಯಿಲ್ಲದ ಒಬ್ಬನೇ ಮಗ. ಟೋಳಿಯವರು ಊರಿನ ಹುಡುಗರನ್ನು ಬಯಲಲ್ಲಿ ನಿಲ್ಲಿಸಿ ಕವಾಯತು ಮಾಡಿಸುವಾಗ ಅವನಿಗೂ ಒಂದು ಖಾಕಿ ಅಂಗಿ ತೊಡಿಸಿದ್ದರು. ತೋಳು ಮೊಳಕೈವರೆಗೂ ಬರದ ಅಂಗಿ. ನಾವು ನೋಡಿ ನಕ್ಕಿದ್ದೆವು, ಅವನೂ ನಕ್ಕಿದ್ದ.

ಭಾದ್ರಪದದಲ್ಲಿ ಫೌಜು ಬಂತು. ವಾರ ತುಂಬುವುದರೊಳಗೆ ದೊರೆಯ ದೇಶ ಮುಗಿದೇಹೋಯಿತು! ಆಯಿ ಕಲ್ಲುಸಕ್ಕರೆ ಹಂಚಿದಳು. ಸಕ್ಕರೆ ಬಾಯಲ್ಲಿ ಕರಗುವ ಮೊದಲೇ ಬೇರೆ ಸುದ್ದಿ ಬಂತು. ಟೋಳಿಯವರ ಮೇಲಿನ ಸಿಟ್ಟಿಗೆ ಜನ ಬಡಿಗೆ, ಕೊಡಲಿ ಹಿಡಿದು ಕಂಡ ಮುಸಲ್ಮಾನರನ್ನೆಲ್ಲ ಹಿಡಿಯುತ್ತಿದ್ದಾರಂತೆ. ಮಾಡಿದವರು ಯಾವಾಗಲೋ ಪರಾರಿ. ಸಿಕ್ಕವರು ಪಾಪದವರು. ಇದು ಯಾವ ನ್ಯಾಯ ಎಂದು ಆಗ ಕೇಳಿದ್ದೆ, ಈಗಲೂ ಕೇಳುತ್ತೇನೆ.

ಆ ಹೊತ್ತಿಗೆ ಚಾಚಾ ಬಾಳೆ ಇಳಿಸಿ ಕಲಬುರಗಿಯಲ್ಲೇ ಸಿಕ್ಕಿಬಿದ್ದಿದ್ದ. ಶರಣಬಸವೇಶ್ವರ ಗುಡಿಯ ಹತ್ತಿರ ಗಾಡಿ ಬಿಟ್ಟುಕೊಂಡು ಮಗನನ್ನು ನೆನೆಸಿ ಅಳುತ್ತಿದ್ದವನು ಅಪ್ಪನ ಕಣ್ಣಿಗೆ ಬಿದ್ದ. "ನಡಿ ಭಾಯಿ, ನಾನೂ ಬರ್ತೀನಿ. ನನ್ನ ಹೇಣ್ತಿ ಮಕ್ಕಳೂ ಅಲ್ಲೇ ಅದಾರ," ಎಂದ ಅಪ್ಪ. ಕೋಳಿ ಕೂಗುವ ಮೊದಲೇ ಹೊರಟರು. ಮುಂದಿನದು ನಾನು ಅಪ್ಪನನ್ನು ವರ್ಷಗಟ್ಟಲೆ ಕಾಡಿ ಕಾಡಿ ಬಾಯಿ ಬಿಡಿಸಿದ್ದು.

ಕಮಲಾಪುರ ಹತ್ತಿರವಾದಾಗ ಎದುರಿನಿಂದ ಬಂದ ದಾರಿಹೋಕನೊಬ್ಬ, "ಮುಂದ ಮಂದಿ ನಿಂತದರಿ, ಎಲ್ಲಾರ ಕೊಳ್ಳಾಗ ಲಿಂಗ ಅದನೋ ಇಲ್ಲೋ ನೋಡಾಕತ್ತಾರ," ಎಂದು ಹೇಳಿ ಹೋದ. ಚಾಚಾನ ಕೈಯಿಂದ ಹಗ್ಗ ಜಾರಿತು. ಅಪ್ಪ ತನ್ನ ಕೊರಳಿನ ಶಿವದಾರ ತೆಗೆದು, ಲಿಂಗದ ಬೆಳ್ಳಿ ಕರಡಿಗೆಯ ಸಮೇತ ಅವನ ಕೊರಳಿಗೆ ಹಾಕಿದ.

"ನಿನಗ ಅಂಜಿಕಿ ಆಗಲಿಲ್ಲೇನು?" ಎಂದು ನಾನು ಕೇಳುತ್ತಿದ್ದೆ.

"ನನ್ನನ್ನ ಯಾರ್ ಕೇಳ್ತಾರ ಅನಕೊಂಡೆ. ಹುಟ್ಟಿದ ಜಿಲ್ಲಾ, ಬಾಯಾಗ ಕನ್ನಡ."

ಅಯ್ಯೋ ನನ್ನಪ್ಪಾ! ಅವನು ಮರೆತದ್ದು ಒಂದೇ ಒಂದು. ಅತ್ತೆಯ ಮನೆಗೆ ಅಳಿಯ ಹೇಗೆಂದರೆ ಹಾಗೆ ಬರಬಾರದಲ್ಲವೇ? ಕಚೇರಿಯವರಿಗೆಲ್ಲ, ಹಿಂದುವಿರಲಿ ಮುಸಲ್ಮಾನನಿರಲಿ, ಶೇರವಾನಿ ಮತ್ತು ಗೊಂಡೆಯ ಕೆಂಪು ರೂಮಿ ಟೋಪಿಯೇ ಮರ್ಯಾದೆಯ ಉಡುಪು. ಮದುವೆಯಾದಾಗಿನಿಂದ ಅವನು ಕಮಲಾಪುರಕ್ಕೆ ಬೇರೆ ಬಟ್ಟೆಯಲ್ಲಿ ಬಂದವನೇ ಅಲ್ಲ. ಅವತ್ತೂ ಗುಂಡಿ ಒರೆಸಿ, ಟೋಪಿ ಝಾಡಿಸಿ ಹಾಕಿಕೊಂಡೇ ಹೊರಟಿದ್ದ.

ಹುಣಸೆಮರದ ಕೆಳಗೆ ನಿಂತ ಬಡಿಗೆಯವರು ಚಾಚಾನ ಕೊರಳು ನೋಡಿ, "ನೀ ಹೋಗೋ ಯಣ್ಣಾ," ಎಂದರು. ಅಪ್ಪನನ್ನು ಅಂಗಿ ಹಿಡಿದು ಇಳಿಸಿದರು. ಹುಕುಮು ಮಾಡುವ ದನಿ ಕೇಳಿದರೆ ಅಪ್ಪನಿಗೆ ಉರ್ದುವೇ ಬರುವುದು. "ಜನಾಬ್, ಮೇರಿ ಬಾತ್ ತೋ ಸುನಿಯೇ," ಅಂದುಬಿಟ್ಟ. ಮುಗಿಯಿತಲ್ಲ ಕತೆ! ನನ್ನ ಲಿಂಗ ಅವನ ಕೊರಳಲ್ಲಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಬಿಡುತ್ತಿದ್ದರು. ಹೇಳಲಿಲ್ಲ. ಚಾಚಾನಿಗೆ ದಾರಿ ತೆರೆದಿತ್ತು, ಮಗ ಕಾಯುತ್ತಿದ್ದ. ಅವನೂ ಹೋಗಲಿಲ್ಲ. "ಇವ್ರು ಕಮಲಾಪುರದ ಅಳಿಯಾರೀ, ಬರ್ರಿ, ಅವರತ್ತಿ ಮನಿ ತೋರಸ್ತೀನಿ," ಎಂದು ಅವರ ಕಾಲು ಹಿಡಿದ. ಅವರ ಮುಖಂಡ ಇನ್ನೊಂದು ಹಳ್ಳಿಗೆ ಹೋಗಿದ್ದ. ಅವನು ಬರಲಿ ಎಂದು ಇಬ್ಬರನ್ನೂ ಅಲ್ಲೇ ಕೂಡಿಸಿಕೊಂಡರು. ಮಧ್ಯಾಹ್ನದಿಂದ ಹೊತ್ತು ಇಳಿಯುವ ತನಕ.

ದನ ಮನೆಗೆ ಬರುವ ಹೊತ್ತಿಗೆ ನಮ್ಮ ಬಾಗಿಲಿಗೆ ಗುಂಪು ಬಂತು. ಅಪ್ಪನ ಕೈ ಹಿಂದಕ್ಕೆ ಕಟ್ಟಿದ್ದರು. ಚಾಚಾನ ಎದೆಯ ಮೇಲಿನ ಕರಡಿಗೆ ನನ್ನ ಕಣ್ಣಿಗೆ ಬಿತ್ತು. ಒಂದು ಮಗ್ಗುಲು ಜಜ್ಜಿದ ಅದು ಅಪ್ಪನದೇ. ಅಪ್ಪನ ಲಿಂಗ ಇವನ ಕೊರಳಲ್ಲಿ ಯಾಕೆ? ಕೇಳಲು ಬಾಯಿ ತೆರೆದೆ. ಆಯಿ ನನ್ನ ಬೆನ್ನಿಗೆ ಒಂದು ಗುದ್ದಿದಳು, ಉಸಿರೇ ನಿಂತಿತು.

"ಮುದುಕಿ, ಇಂವಾ ನಿನ್ನ ಅಳಿಯಾ ಅಂತ. ಖರೇನ? ಖರೇ ಆದ್ರ ಲಿಂಗ ಎಲ್ಲದ?" ಎಂದ ಮುಖಂಡ.

ಆಯಿ ಚಾಚಾನನ್ನು ನೋಡಿದಳು, ಅಪ್ಪನನ್ನು ನೋಡಿದಳು. ತಲೆಯ ಮೇಲಿನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀವಮಾನದಲ್ಲೇ ಮೊದಲ ಸಲ ಅಳಿಯನ ಮುಖ ನೋಡಿ ಶುರು ಮಾಡಿದಳು. "ಏ ಧರ್ಮಗೇಡಿ! ಕಚೇರಿ ಕೂಳ ತಿಂದು ತಿಂದು ಕೊಳ್ಳಾಗಿನ ಲಿಂಗನೂ ಕಳಕೊಂಡು ಬಂದ್ಯಾ? ನಿನ್ನ ಮಾರಿಗೆ ಮಣ್ಣ ಹಾಕ್ಲಿ! ಇಂಥಾವಗ ಹೆಣ್ಣು ಕೊಟ್ನೆಲ್ಲಾ, ನನ್ನ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತು?" ಟೋಪಿಯನ್ನು ಕಿತ್ತು ತಿಪ್ಪೆಗೆ ಎಸೆದಳು. ಅವ್ವ ಒಳಗಿನಿಂದ ಗೊಳೋ ಎಂದು ಅತ್ತಳು. ಬಡಿಗೆಯವರಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಬೈಗುಳ ಸ್ವಂತ ಅಳಿಯನಿಗಲ್ಲದೆ ಬೇರೆ ಯಾರಿಗೆ ಬೀಳುತ್ತದೆ? ಹಗ್ಗ ಬಿಚ್ಚಿ ಹೋದರು.

ಬಾಗಿಲು ಹಾಕಿದ ಮೇಲೆ ಚಾಚಾ ಶಿವದಾರ ತೆಗೆದು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮುಂದೆ ಚಾಚಿದ. ಅಪ್ಪ ತೆಗೆದುಕೊಳ್ಳಲಿಲ್ಲ. "ಹಾಕ್ಕೊಂಡು ಹೋಗು, ಮಗನ್ನ ಇಲ್ಲಿಗೆ ಕರಕೊಂಡು ಬಾ," ಎಂದ.

ಆಯಿ ಅಷ್ಟರಲ್ಲಿ ಮತ್ತೆ ಸೆರಗು ಹೊದ್ದು ಗೋಡೆಯ ಕಡೆ ತಿರುಗಿದ್ದಳು. "ನಿಮ್ಮಪ್ಪಗ ಹೇಳು, ಒಂದ ಲಿಂಗದಾಗ ತಂದಿ ಮಗ ಇಬ್ರೂ ಉಳಿಯಂಗಿಲ್ಲ ಅಂತ," ಎಂದು ನನಗೆ ಹೇಳಿದಳು. ಹೇಳಿ, ತನ್ನ ಕೊರಳಿನದನ್ನು ತೆಗೆದು ಕಣ್ಣಿಗೊತ್ತಿಕೊಂಡು ಚಾಚಾನ ಅಂಗೈಯಲ್ಲಿಟ್ಟಳು. ಅವನು ಹಾಗೇ ಕುಸಿದು ಕೂತ. "ಕೂತೇನ ಮಾಡ್ತಿ, ಏಳೋ. ಮುಂಜಾನಿ ನಾ ಪೂಜಿ ಮಾಡಬೇಕು," ಎಂದು ಗದರಿಸಿ ಎಬ್ಬಿಸಿದಳು.

ಬೆಳಗಾಯಿತು. ಆಯಿ ಮಿಂದು, ಹನಿ ನೀರೂ ಬಾಯಿಗೆ ಹಾಕದೆ ಹೊಸ್ತಿಲಲ್ಲೇ ಕೂತಳು. ಬಿಸಿಲು ಅಂಗಳಕ್ಕೆ ಬಂದ ಮೇಲೆ ಚಾಚಾ ನಡೆದುಕೊಂಡು ಬಂದ. ಒಬ್ಬನೇ. ಅಪ್ಪನ ಲಿಂಗ ಕೊರಳಲ್ಲಿತ್ತು. ಆಯಿಯದನ್ನು ಹೊಸ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ, ಹಾಗೇ ಅವಳ ಮುಂದಿಟ್ಟ.

"ಹುಡುಗ ಎಲ್ಲೋ?" ಎಂದಳು ಆಯಿ.

"ನಾ ಮುಟ್ಟೋದ್ರಾಗ ಮುಗದಿತ್ತವ್ವಾ. ಖಾಕಿ ಅಂಗಿ ಮನಿಯಾಗ ಸಿಕ್ಕಿತಂತ. ನಿನ್ನಿ ಹೊತ್ತು ಇಳಿಯೂ ಮುಂದ ಬಂದಿದ್ರಂತ."

ಅಪ್ಪ ಕಂಬ ಹಿಡಿದು ನಿಂತಿದ್ದ. "ನಮ್ಮನ್ನ ಹುಣಸಿ ಮರದ ಕೆಳಗ ಕೂಡಿಸಿದ್ರಲ್ಲ ಭಾಯಿ, ಆ ಹೊತ್ತಿಗೇನು?"

ಚಾಚಾ ತಲೆ ಎತ್ತಲಿಲ್ಲ.

"ಹೌದ್ರೀ," ಎಂದ.