ಹೇಳುತ್ತಾ ಬರೆಯುವ ಮೇಷ್ಟ್ರು

ನೋಯ್ಡಾದ ನಮ್ಮ ಆಫೀಸಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಆನ್‌ಲೈನ್ ಗಣಿತ ಪಾಠ ತಯಾರಿಸುತ್ತೇವೆ. ಅದು ಎಲ್ಲ ಮಕ್ಕಳಿಗೂ ಅರ್ಥವಾಗುತ್ತದೆಯೇ ಎಂದು ನೋಡಲು ಒಮ್ಮೆ ರೇಣುಕಾ ಬಂದಳು. ತುಮಕೂರಿನವಳು, ದಿಲ್ಲಿಯಲ್ಲಿ ಎಂ.ಎ. ಓದುತ್ತಿದ್ದಳು, ಹುಟ್ಟಿನಿಂದಲೇ ಕಣ್ಣು ಕಾಣದು. ನಾನೇ ದನಿ ಕೊಟ್ಟ ಪಾಠವನ್ನು ಜಂಬದಿಂದ ಹಾಕಿದೆ.

ಎರಡೇ ನಿಮಿಷಕ್ಕೆ ನಿಲ್ಲಿಸಿದಳು. “ಸರ್, ‘ಇದನ್ನು ತೆಗೆದು ಇಲ್ಲಿ ಹಾಕಿ’ ಅಂತೀರಲ್ಲ, ಯಾವುದನ್ನ ಎಲ್ಲಿ ಹಾಕ್ಲಿ?”

“ಸ್ಕ್ರೀನ್ ಮೇಲೆ ಬಾಣದ ಗುರುತು ಇದೆಯಮ್ಮಾ,” ಅಂದುಬಿಟ್ಟೆ.

“ಅಚ್ಛಾ! ಆ ಬಾಣ ಮಾತಾಡಲ್ವಾ ಸರ್?”

ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು ನೆನಪಾದರು. “ಸಮ ಚಿಹ್ನೆಯ ಎಡಗಡೆ ಎಕ್ಸ್, ಬಲಗಡೆ ಐದು” ಎಂದು ಗಟ್ಟಿಯಾಗಿ ಹೇಳುತ್ತಲೇ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅವರ ಧಾಟಿಯನ್ನು ಅಣಕಿಸಿ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಮೊದಲ ಬೆಂಚಿನ, ದಪ್ಪ ಕನ್ನಡಕದ ಸುಶೀಲ ಮಾತ್ರ ನಗುತ್ತಿರಲಿಲ್ಲ. ಯಾಕೆಂದು ಆಗ ನಾನು ಯೋಚಿಸಲೇ ಇಲ್ಲ.

ಮರುದಿನವೇ ಪಾಠವನ್ನು ಮೇಷ್ಟ್ರ ಧಾಟಿಯಲ್ಲೇ ಮತ್ತೆ ರೆಕಾರ್ಡ್ ಮಾಡಿದೆ. ಈಗ ಕ್ಯಾಂಟೀನಿನಲ್ಲಿ ನಮ್ಮ ತಂಡದವರು, “ಸಮ ಚಿಹ್ನೆಯ ಎಡಗಡೆ ಚಹಾ, ಬಲಗಡೆ ಸಮೋಸ” ಎಂದು ನನ್ನನ್ನೇ ಅಣಕಿಸುತ್ತಾರೆ. ಮೇಷ್ಟ್ರಿಗೂ ನಮ್ಮ ಅಣಕ ಕೇಳಿಸುತ್ತಿತ್ತೇನೋ. ಅವರು ಒಂದು ದಿನವೂ ದನಿ ತಗ್ಗಿಸಲಿಲ್ಲ.