ಗೇಟ್ ಇಳಿಸುವ ಮುನ್ನ ಒಂದು ಪ್ರಶ್ನೆ

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರು ನೋಡಿಕೊಳ್ಳುತ್ತಿದ್ದ ವೈರ್‌ಲೆಸ್ ಸೆಟ್ಟು ನನ್ನ ಕೈಗೆ ಬಂತು. ಅದನ್ನು ಬಿಟ್ಟುಕೊಡು ಎಂದು ಕೇಳಿದವರು ಬಹಳ. ನಾನು ಕೊಡಲಿಲ್ಲ. ಹೊರಗಿನವರ ಮುಂದೆ ಬಾಯಿ ಬಿಡದ ನಾನು ಅಷ್ಟೊಂದು ಹಟ ಏಕೆ ಹಿಡಿದೆ ಎಂದು ನಿಮಗೆ ತಿಳಿದಿರಲಿ.

ಆಗ ಕಾಲುವೆ ಬಂದು ಕೆಲವೇ ವರ್ಷವಾಗಿತ್ತು. ಶಹಾಪುರದಿಂದ ಈಚೆಗಿನ ನಮ್ಮ ಊರು ಕಾಲುವೆಯ ಕೊನೆಗಿತ್ತು. ಫೋನಿನ ತಂತಿ ಊರು ಮುಟ್ಟಿರಲಿಲ್ಲ. ನೀರಿನ ಸಂಘದವರು ಕಾಲುವೆಗುಂಟ ಊರಿಗೊಂದು ಸೆಟ್ಟು ಕೊಟ್ಟು, ಸುರಪುರದ ಗುಡ್ಡದ ಮೇಲೆ ರಿಪೀಟರ್ ಎಂಬ ಪೆಟ್ಟಿಗೆ ಇಡಿಸಿದ್ದರು. ನಮ್ಮ ಸಣ್ಣ ಸೆಟ್ಟಿನ ದನಿಯನ್ನು ಆ ಪೆಟ್ಟಿಗೆ ಹಿಡಿದು ಎಲ್ಲ ಊರಿಗೂ ಮುಟ್ಟಿಸುತ್ತಿತ್ತು. ಆದರೆ ಒಬ್ಬರು ಗುಂಡಿ ಒತ್ತಿ ಹಿಡಿದರೆ ಉಳಿದವರ ಮಾತೆಲ್ಲ ಬಂದ್.

ನಮ್ಮ ನೀರಿನ ಪಾಳಿಯ ದಿನ ಕಾಲುವೆಯ ಗೇಟ್ ಎತ್ತಿದರೆ ನೀರು ನಮ್ಮ ಕಡೆ ಹರಿಯುತ್ತಿತ್ತು. ಇಳಿಸಿದರೆ ನಡುವಿನ ಊರಿನ ಹೊಲಗಳಿಗೆ ಹೋಗುತ್ತಿತ್ತು. ಆ ವರ್ಷ ಶೇಂಗಾ ಹೂ ಬಿಟ್ಟಿದ್ದಾಗ ಯಾರೋ ನಮ್ಮ ಪಾಳಿಯ ದಿನವೇ ಗುಂಡಿ ಒತ್ತಿಕೊಂಡು ಸಿಳ್ಳೆ ಹಾಕತೊಡಗಿದ. 'ನೀರು ಇನ್ನೂ ಮುಟ್ಟಿಲ್ಲ' ಎಂಬ ನನ್ನ ಮಾತು ಹೋಗಲೇ ಇಲ್ಲ. ಗೇಟ್ ಕಾಯುತ್ತಿದ್ದ ಕಾಕಾ ಅಂದಾಜಿನ ಮೇಲೆ ಗೇಟ್ ಇಳಿಸಿಬಿಟ್ಟ. ನಾನೊಂದು ತಪ್ಪು ಮಾಡಿದೆ. ಸಿಳ್ಳೆ ನಿಂತ ಗಳಿಗೆಯಲ್ಲಿ, "ಬಿಡ್ರಿ ಯಪ್ಪಾ, ಕೈ ಮುಗೀತೀನಿ" ಎಂದೆ. ಅವನಿಗೆ ಬೇಕಾದದ್ದು ಅದೇ. ಸಿಳ್ಳೆ ಇಮ್ಮಡಿಯಾಯಿತು.

ಸೆಟ್ಟು ರಿಪೇರಿಗೆ ಬರುತ್ತಿದ್ದ ಶಹಾಪುರದ ಮೆಕ್ಯಾನಿಕ್ ಹೇಳಿದ, "ಅವನಿಗೆ ಜವಾಬು ಕೊಡಬ್ಯಾಡ್ರಿ ಅಕ್ಕಾ. ಬೈಯಬ್ಯಾಡ್ರಿ, ಬೇಡಿಕೊಳ್ಳಬ್ಯಾಡ್ರಿ. ಯಾರೂ ಕೇಳವಲ್ರು ಅಂದ್ರ ಅವನಿಗೇ ಬ್ಯಾಸರ ಬರ್ತದ." ಸಂಘದವರೂ ಹೊಸ ಕಟ್ಟಳೆ ಮಾಡಿದರು: ಕೊನೆಯ ಊರಿನಿಂದ 'ಸಾಕು' ಎಂಬ ಮಾತು ಬರದೆ ಗೇಟ್ ಇಳಿಸಕೂಡದು.

ಮುಂದಿನ ಪಾಳಿಗೆ ಅವನು ಸಿಳ್ಳೆ ನಿಲ್ಲಿಸಿ ನನ್ನ ದನಿಯನ್ನೇ ಅಣಕಿಸಿದ. ನನ್ನ ಸಣ್ಣ ದನಿ, ನನ್ನದೇ ತಡವರಿಕೆ. "ಕಾಕಾ... ನೀರು ಮುಟ್ಟ್ಯಾವ್ರಿ... ಸಾಕ್ರಿ." ನಾನು ಸೆಟ್ಟಿನ ಮುಂದೆಯೇ ಕೂತು ನನ್ನ ದನಿಯನ್ನು ನಾನೇ ಕೇಳಿದೆ. ಅಲ್ಲವೆಂದು ಹೇಳುವಷ್ಟರಲ್ಲಿ ಗೇಟ್ ಇಳಿದಿತ್ತು.

ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಅಂದರು, "ತಂಗಿ, ಸೆಟ್ಟು ಯಾರರ ಗಂಡಸರ ಕೈಯಾಗ ಕೊಟ್ಟುಬಿಡವ್ವ. ಹೆಣ್ಣುದನಿ ಯಾರು ಬೇಕಾದ್ರೂ ಮಾಡ್ತಾರ."

ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಆದರೂ ಅಂದೆ, "ಕಳ್ಳತನ ಮಾಡಿದಾಂವ ಅವ. ಸೆಟ್ಟು ನಾ ಯಾಕ ಬಿಡಬೇಕ್ರಿ? ಬಿಡಂಗಿಲ್ಲ. ಇನ್ನೊಂದು ಪಾಳಿ ನೋಡ್ರಿ."

ಆ ಪಾಳಿ ಹೋದರೆ ಕೊನೆಯ ಹೊಲಗಳ ಶೇಂಗಾ ಕಾಯಿ ಕಟ್ಟುವಂತಿರಲಿಲ್ಲ. ಮರುದಿನ ಕಾಲುವೆಯ ದಂಡೆ ಹಿಡಿದು ಗೇಟಿನವರೆಗೆ ನಡೆದೆ. ನಿಮಗೆ ನಗು ಬರಬಹುದು, ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಗಂಡ ಹೋದ ಮೇಲೂ. ರೇಷನ್ ಸಾಲಿನಲ್ಲಿ ಹೆಸರು ಕೇಳಿದರೆ ಪಕ್ಕದವಳನ್ನು ತಿವಿದು ಅವಳಿಂದ ಹೇಳಿಸುತ್ತಿದ್ದೆ.

"ಕಾಕಾ, 'ಸಾಕು' ಅನ್ನೂ ಮಾತು ಬಂದ್ರ ನಮ್ಮ ಮನಿಯವ್ರ ಹೆಸರು ಕೇಳ್ರಿ" ಎಂದೆ.

"ನೀ ಹೇಳಂಗಿಲ್ಲಲ್ಲ?"

"ಅದಕ್ಕಽ ಕೇಳ್ರಿ. ಹೆಸರು ಬಂತಂದ್ರ ಇಳಸಬ್ಯಾಡ್ರಿ."

ಕಾಕಾ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ.

ಪಾಳಿಯ ದಿನ ಬೆಳಿಗ್ಗೆ ಗೇಟ್ ಎತ್ತಿದರು. ನೀರು ಇನ್ನೂ ಊರ ಹೊರಗಿನ ಸೇತುವೆ ಮುಟ್ಟಿರಲಿಲ್ಲ, ಸೆಟ್ಟಿನಲ್ಲಿ ನನ್ನ ದನಿ ಬಂತು, "ಕಾಕಾ... ಸಾಕ್ರಿ."

ನಾನು ಗುಂಡಿ ಮುಟ್ಟಲಿಲ್ಲ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ.

"ಯಾರ ಮನಿಯಾಕಿ ಮಾತಾಡಾಕತ್ತಿ, ತಾಯಿ?" ಕಾಕಾ ಕೇಳಿದ. "ಗಂಡನ ಹೆಸರು ಹೇಳು."

ನನ್ನ ದನಿ ಕದ್ದವನು ನಿಮ್ಮ ಅಜ್ಜನ ಹೆಸರನ್ನು ಮನೆತನದ ಅಡ್ಡಹೆಸರಿನ ಸಮೇತ ಥಟ್ಟನೆ ಹೇಳಿದ!

"ಅಬಬಬ! ಗಂಡನ ಹೆಸರು ಏನ್ ಜೋರ್ ಹೇಳ್ತೀಯವ್ವ!" ಕಾಕಾನ ದನಿ ಕಾಲುವೆಗುಂಟ ಎಲ್ಲ ಸೆಟ್ಟುಗಳಲ್ಲೂ ಕೇಳಿತು. "ಹೋಗು, ಮೊದಲು ಮೀಸಿ ಬೋಳಿಸಿಕೊಂಡು ಬಾ. ಗೇಟ್ ಇಳಸಂಗಿಲ್ಲ."

ಒಂದೊಂದೇ ಊರಿನ ಸೆಟ್ಟಿನಿಂದ ನಗು ಬಂತು. ಅವನು ಸಿಟ್ಟಿಗೆದ್ದ. ಗುಂಡಿ ಒತ್ತಿ ಹಿಡಿದು, ಬಿಡಲೇ ಇಲ್ಲ. ಬರೀ ಗೊರಗೊರ ಸದ್ದು. ಯಾರ ಮಾತೂ ಯಾರಿಗೂ ಮುಟ್ಟದು. ಸಂಘದ ಕಟ್ಟಳೆಯನ್ನು ಅವನು ಮರೆತಿದ್ದ. ನನ್ನ ಮಾತು ಮುಟ್ಟುವ ತನಕ ಗೇಟ್ ಇಳಿಯದು. ನಮ್ಮ ನೀರನ್ನು ಅವನೇ ಕಾಯುತ್ತಿದ್ದ.

ಅವನು ಯಾರೆಂದು ಆಮೇಲೆ ತಿಳಿಯಿತು. ಬರೆಯುವುದಿಲ್ಲ. ಅವನ ಮೊಮ್ಮಕ್ಕಳು ನಿಮ್ಮ ಜೊತೆಗೇ ಶಾಲೆಗೆ ಹೋಗುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನೀರು ನಮ್ಮ ಹೊಲ ಹೊಕ್ಕಿತು. ಅಲ್ಲಿಂದ ಮುಂದಿನ ಹೊಲಕ್ಕೆ, ಅದರಾಚೆ ಯಾವ ವರ್ಷವೂ ನೀರು ಕಾಣದಿದ್ದ ಕಟ್ಟಕಡೆಯ ಹೊಲಕ್ಕೂ ಹೋಯಿತು. ಆ ಹೊಲದಾಕೆ ಕೆಸರುಗಾಲಲ್ಲೇ ನನ್ನ ಬಾಗಿಲಿಗೆ ಓಡಿ ಬಂದಳು.

"ಯಕ್ಕಾ, ಬದು ಮುಟ್ಟ ತುಂಬ್ಯಾವು! ಕಾಕಾಗ 'ಸಾಕು' ಅಂತ ಹೇಳಂಗಿಲ್ಲೇನು?"

ಸೆಟ್ಟು ಇನ್ನೂ ಗೊರಗುಡುತ್ತಿತ್ತು.

"ಅವ ಗುಂಡಿ ಬಿಡಲಿ ತಡಿ," ಎಂದೆ, "ಹೇಳ್ತೀನಿ."